ಗಾಳಿ ಜೋರಿದ್ದರೂ ತಯಾರಿ ಬಿಡುವಂತಿಲ್ಲ

ಪರಾನಾಲ್, ಚಿಲಿ
ಜುಲೈ

ಅಪ್ಪನಿಗೆ, ಅವ್ವನಿಗೆ ನಮಸ್ಕಾರ.

ನಾನು ಆರಾಮ ಇದ್ದೇನೆ. ಮೊನ್ನೆ ಫೋನಿನಲ್ಲಿ ಅಪ್ಪ ಕೇಳಿದಿರಿ, "ಗಾಳಿ ಜೋರಿದ್ರ ಬಾಗಿಲಾನ ತೆಗೆಯಂಗಿಲ್ಲಂತಿ, ಮತ್ತ ದಿನಾ ಯಾಕಿಷ್ಟು ಒದ್ದಾಡ್ತೀಯವ್ವಾ?" ಅಷ್ಟರಲ್ಲಿ ಲೈನ್ ಕಟ್ಟಾಯಿತು. ಅದಕ್ಕೇ ಈ ಪತ್ರ.

ನಮ್ಮ ಟೆಲಿಸ್ಕೋಪ್ ಇರುವ ಗುಡ್ಡ 2,635 ಮೀಟರ್ ಎತ್ತರದಲ್ಲಿದೆ. ಸುತ್ತಲೂ ಮರುಭೂಮಿ, ಗಾಳಿಗೆ ಅಡ್ಡ ಒಂದು ಗಿಡವೂ ಇಲ್ಲ. ಗಾಳಿ ಸೆಕೆಂಡಿಗೆ 18 ಮೀಟರ್ ದಾಟಿದರೆ, ಅಂದರೆ ಗಂಟೆಗೆ ಸುಮಾರು 65 ಕಿಲೋಮೀಟರ್, ಟೆಲಿಸ್ಕೋಪಿನ ಗುಮ್ಮಟ ಮುಚ್ಚಲೇಬೇಕು. ಆದರೆ ರಾತ್ರಿ ಒಂಬತ್ತು ಗಂಟೆಗೋ ಹತ್ತಕ್ಕೋ ಗಾಳಿ ಇಳಿಯಿತು ಅನ್ನಿ. ಆಗ ತಯಾರಿ ಶುರು ಮಾಡಿದರೆ ಆ ರಾತ್ರಿ ಹೋದ ಹಾಗೇ.

ಚುಕ್ಕಿಯ ಬೆಳಕು ಹಿಡಿಯುವ ಚಿಪ್ ಸುಮಾರು ಮೈನಸ್ 120 ಡಿಗ್ರಿಯಲ್ಲಿ ಇರಬೇಕು. ಬೆಚ್ಚಗಾದರೆ ಅದರ ಶಾಖವೇ ಬೆಳಕು ಅಂತ ಲೆಕ್ಕಕ್ಕೆ ಬಂದುಬಿಡುತ್ತದೆ. ತಣ್ಣಗಿಡಲು ಲಿಕ್ವಿಡ್ ನೈಟ್ರೋಜನ್ ಬೇಕು. ದನದ ಡಾಕ್ಟರು ಕ್ಯಾನಿನ ಮುಚ್ಚಳ ತೆಗೆದಾಗ ಬಿಳಿ ಹೊಗೆ ಉಕ್ಕುತ್ತದಲ್ಲ, ಅದೇ ಇದು. ದಪ್ಪ ಕೈಗವಸು, ಮುಖಕ್ಕೆ ಅಡ್ಡಪರದೆ ಹಾಕಿಕೊಂಡು ತುಂಬುತ್ತೇವೆ. ತುಂಬುತ್ತಿದ್ದ ಹಾಗೇ ಪೈಪಿನ ಮೇಲೆ ಹಿಮ ಕಟ್ಟುತ್ತದೆ, ಲೋಹ ಟಕ್ ಟಕ್ ಅನ್ನುತ್ತದೆ. ಅವ್ವ, ಹೆದರಬೇಡ, ಒಬ್ಬರನ್ನೇ ಆ ಕೆಲಸಕ್ಕೆ ಬಿಡುವುದಿಲ್ಲ.

ಆಮೇಲೆ ಪರೀಕ್ಷೆ. ಕತ್ತಲಲ್ಲೊಂದು ಚಿತ್ರ, ಒಂದೇ ಸಮ ಬೆಳಕಿನಲ್ಲೊಂದು ಚಿತ್ರ. ಯಾವ ಬಣ್ಣ ಎಲ್ಲಿ ಬೀಳುತ್ತದೆ ಅಂತ ಅಳೆಯಲು ಬೇರೆ ದೀಪ. ಇವಿಲ್ಲದೆ ರಾತ್ರಿ ತೆಗೆದ ಚಿತ್ರದಲ್ಲಿ ಚುಕ್ಕಿಯದು ಯಾವುದು, ಯಂತ್ರದ ಕಲೆ ಯಾವುದು ಅಂತ ಹೇಳುವುದೇ ಕಷ್ಟ. ನನಗೆ ಇಷ್ಟದ ಕೆಲಸ ಇದೇ.

ಗಾಳಿ ಪೂರಾ ಕೆಟ್ಟದ್ದೂ ಅಲ್ಲ. ಸ್ವಲ್ಪ ಬೀಸಿದರೆ ಗುಮ್ಮಟದ ಒಳಗಿನ ಬಿಸಿ ಗಾಳಿ ಹೊರಗೆ ಹೋಗುತ್ತದೆ, ಚಿತ್ರ ಚೊಕ್ಕ ಬರುತ್ತದೆ. ವೇಗ ಸೆಕೆಂಡಿಗೆ 12 ಮೀಟರ್ ದಾಟಿದರೆ ತೊಂದರೆ. ಕನ್ನಡಿಯ ಅಗಲ 8.2 ಮೀಟರ್, ದಪ್ಪ ಬರೀ 17.5 ಸೆಂಟಿಮೀಟರ್. ಗಾಳಿ ನೇರ ಒಳಗೆ ನುಗ್ಗಿದರೆ ಅಲುಗಾಡಿಬಿಡುತ್ತದೆ. ಕಪ್ಪತಗುಡ್ಡದ ಕಡೆಯ ಫ್ಯಾನುಗಳು ಗಾಳಿ ಬಂದ ದಿಕ್ಕಿಗೆ ಮುಖ ಮಾಡುತ್ತವೆ, ಅಲ್ವಾ? ನಮ್ಮ ಟೆಲಿಸ್ಕೋಪ್ ಅಂಥ ಹೊತ್ತಿನಲ್ಲಿ ಬೆನ್ನು ಕೊಡಬೇಕು.

ಕಳೆದ ವಾರ ಹಾಗೇ ಆಯಿತು. ಸಂಜೆಯಿಂದ ಉತ್ತರದ ಗಾಳಿ, ಗುಮ್ಮಟ ಬಂದ್. ಮಧ್ಯರಾತ್ರಿ ದಾಟಿದ ಮೇಲೆ ವೇಗ 14 ಮೀಟರಿಗೆ ಇಳಿಯಿತು. ಎಲ್ಲ ಸಿದ್ಧ ಇದ್ದುದರಿಂದ ತಡಮಾಡದೆ ತೆರೆದು ದಕ್ಷಿಣಕ್ಕೆ ತಿರುಗಿಸಿದರು. ಆ ಕಡೆ ಸಣ್ಣ ಮೆಗಲ್ಲಾನಿಕ್ ಮೋಡ ಅಂತ ಒಂದು ಗೆಲಾಕ್ಸಿ ಇದೆ, ಸುಮಾರು 2 ಲಕ್ಷ ಜ್ಯೋತಿರ್ವರ್ಷ ದೂರ. ಗದಗಿನಲ್ಲಿ ಅದು ದಿಗಂತ ಬಿಟ್ಟು ಮೇಲೆ ಬರುವುದೇ ಕಷ್ಟ. ಇಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಬೆಳಗಿನವರೆಗೂ ಚಿತ್ರ ತೆಗೆದರು. ಅಪ್ಪಾ, ದಿನಾ ಒದ್ದಾಡುವುದು ಇದಕ್ಕೇ.

ಅಲ್ಲೂ ಆಷಾಢದ ಗಾಳಿ ಜೋರಿರಬೇಕು. ಹಿತ್ತಲಿನ ತಗಡು ಬಿಗಿ ಮಾಡಿಸಿದಿರಾ? ತಮ್ಮನಿಗೆ ಹೇಳಿ, ಸುಮ್ನೆ ಕಲ್ಲು ಹೇರಿದರೆ ಸಾಲದು. ಭಾನುವಾರ ಬೆಳಿಗ್ಗೆ ಏಳಕ್ಕೆ ಫೋನ್ ಮಾಡುತ್ತೇನೆ. ಇಲ್ಲಿ ಆಗ ಶನಿವಾರ ರಾತ್ರಿ ಒಂಬತ್ತೂವರೆ.

ನಿಮ್ಮ ಮಗಳು