ಅಜ್ಜಿಯ ತುಟಿ ಅಲ್ಲಾಡುತ್ತಿತ್ತು

ಪ್ರೀತಿಯ ತಂಗಿ,

ನಿನ್ನ ಕಥೆ ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ. ಆದರೆ ಆ ಹೂ ಮಾರುವ ಹೆಂಗಸಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲ ಸಾಲಲ್ಲೇ ಅವಳ ಮುಖ ಬಾಡಿದೆ, ಸೀರೆ ಹರಿದಿದೆ, ಕಣ್ಣಲ್ಲಿ ನೀರಿದೆ. ಅವಳನ್ನು ನೀನು ನೋಡಿಲ್ಲ ಅಲ್ವಾ? ಹೂ ಮಾರುವವಳು ಅಂದರೆ ಹೀಗೇ ಅಂತ ಮನಸ್ಸು ಹೇಳಿತು, ಕೈ ಬರೆಯಿತು.

ನನಗೂ ಹೀಗೇ ಆಗಿದೆ. ಎಷ್ಟೋ ವರ್ಷದ ಹಿಂದೆ ಮಲ್ಲಿಗೆ ಬಗ್ಗೆ ಬರೆಯಲು ಉಡುಪಿ ಹತ್ತಿರದ ಶಂಕರಪುರಕ್ಕೆ ಹೋಗಿದ್ದೆ. ಒಂದು ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ಬಾಳೆನಾರಿನಲ್ಲಿ ಮೊಗ್ಗು ಕಟ್ಟುತ್ತಾ ಕೂತಿದ್ದರು. ತುಟಿ ಅಲ್ಲಾಡುತ್ತಿತ್ತು. ‘ದೇವರ ನಾಮ ಹೇಳಿಕೊಳ್ಳುತ್ತಾ ಪೂಜೆಗೆ ಹೂ ಕಟ್ಟುವ ಬಡ ಅಜ್ಜಿ’ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಕಾಫಿಗೆ ಒಳಗೆ ಕರೆದರು. ಗೋಡೆಯ ಮೇಲೆ ಏಸುವಿನ ಪಟ. ಆ ಊರಲ್ಲಿ ಮಲ್ಲಿಗೆ ಬೆಳೆಯುವ ಕ್ರೈಸ್ತ ಮನೆಗಳು ಬೇಕಾದಷ್ಟಿವೆ.

“ಏನಮ್ಮಾ ಹೇಳಿಕೊಳ್ಳುತ್ತಿದ್ದಿರಿ?” ಅಂದೆ.

“ಲೆಕ್ಕ” ಅಂದರು.

800 ಹೂವಿಗೆ ಒಂದು ಚೆಂಡು. 4 ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನ ದಿನಕ್ಕೂ ಬೇರೆ. ಅಂಗಳದ ಅಷ್ಟೂ ಗಿಡಗಳ ಯಜಮಾನಿ ಅವರೇ. ಮದುವೆ ದಿನಗಳಲ್ಲಿ ದರ ಎಷ್ಟು ಏರುತ್ತದೆ, ಮಳೆಗಾಲದಲ್ಲಿ ಹೂ ಎಷ್ಟು ಕಮ್ಮಿ, ಎಲ್ಲ ಬಾಯಲ್ಲೇ ಹೇಳಿದರು.

ನಾಮ, ಪೂಜೆ, ಬಡತನ. ಮೂರೂ ತಪ್ಪು. ತುಟಿ ಅಲ್ಲಾಡಿದ್ದೊಂದೇ ನಿಜ. ಉಳಿದದ್ದು ನಾನು ಮನೆಯಿಂದ ಕಟ್ಟಿಕೊಂಡು ಹೋದ ಬುತ್ತಿ.

ಇದು ಬರೆಯುವವರ ಕಷ್ಟ ಮಾತ್ರ ಅಲ್ಲ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 24 ರೇಡಿಯಾಲಜಿಸ್ಟ್‌ಗಳಿಗೆ, ಅಂದರೆ ಸ್ಕ್ಯಾನ್ ನೋಡಿ ರೋಗ ಪತ್ತೆಹಚ್ಚುವ ಡಾಕ್ಟರುಗಳಿಗೆ, ಶ್ವಾಸಕೋಶದ ಸ್ಕ್ಯಾನ್ ಕೊಟ್ಟು ಗಂಟು ಹುಡುಕಿ ಅಂದರು. ಒಂದರಲ್ಲಿ ಗೊರಿಲ್ಲಾದ ಚಿತ್ರ ಸೇರಿಸಿದ್ದರು. 20 ಮಂದಿಗೆ ಅದು ಕಾಣಲೇ ಇಲ್ಲ. ಅವರಲ್ಲಿ ಹೆಚ್ಚಿನವರ ಕಣ್ಣು ನೇರ ಅದರ ಮೇಲೇ ಬಿದ್ದಿತ್ತು! ಹುಡುಕುತ್ತಿದ್ದದ್ದು ಬೇರೆ, ಅಷ್ಟೇ.

ಶಂಕರಪುರದಿಂದ ಬಂದ ಮೇಲೆ ನಾನು ನೋಟ್‌ಬುಕ್ಕಿನ ಪುಟದ ನಡುವೆ ಗೆರೆ ಎಳೆಯುತ್ತೇನೆ. ಎಡಕ್ಕೆ ಕಂಡದ್ದು, ಕೇಳಿದ್ದು. ಬಲಕ್ಕೆ ನನಗೆ ಅನಿಸಿದ್ದು. ಬಲಗಡೆ ಏನೇ ಬರೆದರೂ, ಯಾರ ಬಗ್ಗೆ ಬರೆದೆನೋ ಅವರನ್ನೇ ಕೇಳದೆ ಎಡಕ್ಕೆ ದಾಟಿಸುವುದಿಲ್ಲ. ಕೇಳಲು ಸಂಕೋಚ ಆಗುತ್ತದೆ, ನಿಜ. ಆದರೂ ಕೇಳು. ತಮ್ಮ ಕೆಲಸದ ಬಗ್ಗೆ ಕೇಳಿದರೆ ಜನ ಖುಷಿಯಿಂದ ಹೇಳುತ್ತಾರೆ.

ನಾಳೆ ಬೆಳಿಗ್ಗೆ ಬೇಗ ಎದ್ದು ನಿಮ್ಮೂರ ಮಾರ್ಕೆಟ್ಟಿಗೆ ಹೋಗು. ಒಂದು ಮೊಳ ಹೂ ತಗೋ. ಅವರು ಬೇಡ ಅನ್ನದಿದ್ದರೆ ಅಲ್ಲೇ ಪಕ್ಕದಲ್ಲಿ ಸುಮ್ನೆ ಕೂತುಕೋ. ಎಡಗಡೆ ಪೂರ್ತಿ ತುಂಬಿದ ಮೇಲೆ ಕಥೆ ತಿದ್ದಿ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಕ್ಕ