ಮಿಷನರಿ ಕಥೆ ಓದಿಸುವ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನಿನ್ನ ಉದ್ದದ ವಾಯ್ಸ್ ಮೆಸೇಜ್ ಕೇಳಿದೆ. ಫೋನಲ್ಲಿ ಮಾತಾಡಿದ್ರೆ ಮಕ್ಕಳು ಮಧ್ಯ ಬರ್ತಾರೆ, ಮಾತು ಅರ್ಧಕ್ಕೇ ನಿಲ್ತದೆ, ಹಾಗಾಗಿ ಕೂತು ಟೈಪ್ ಮಾಡ್ತಾ ಇದ್ದೇನೆ, ನಿಧಾನಕ್ಕೆ ಓದು.

ಅಳಿಯ ಕೇಳಿದ್ದು ಸರಿಯಾದ ಪ್ರಶ್ನೆಯೇ, ಅದಕ್ಕೆ ನೀನು ಬೇಜಾರು ಮಾಡ್ಕೊಳ್ಬೇಡ. ಮಕ್ಕಳನ್ನ ಶಾಲೆಗೆ ಕಳಿಸದೆ ಮಿಷನರಿಗಳ ಜೀವನಚರಿತ್ರೆ ಇಟ್ಕೊಂಡು ಮನೇಲೇ ಪಾಠ ಮಾಡಿದ್ರೆ, ನಮ್ಮ ದೇಶದಲ್ಲಿ ಇದ್ದದ್ದು ಬರೀ ಕತ್ತಲೆ, ಬೆಳಕು ತಂದವರೆಲ್ಲ ಹಡಗಲ್ಲಿ ಬಂದವರು ಅಂತ ಮಕ್ಕಳ ತಲೇಲಿ ಕೂತ್ಕೊಳ್ಳುದಿಲ್ವಾ ಅಂತ ಅವರು ಕೇಳಿದ್ದು. ಕೂತ್ಕೊಳ್ತದೆ ಮಾರಾಯ್ತಿ. ಪುಸ್ತಕ ಹೇಗುಂಟೋ ಹಾಗೇ ಓದಿ ಮುಚ್ಚಿಟ್ರೆ ಖಂಡಿತ ಕೂತ್ಕೊಳ್ತದೆ. ಆದ್ರೂ ಆ ಪುಸ್ತಕಗಳನ್ನ ಬಿಡು ಅಂತ ನಾನು ಹೇಳುದಿಲ್ಲ. ಪುಸ್ತಕದಲ್ಲಿ ಹೆಸರಿಲ್ಲದೆ ಹಿಂದೆ ನಿಂತಿರ್ತಾರಲ್ಲ, ಆ ಊರಿನವರು, ಅವರನ್ನ ಹುಡುಕಿ ಮುಂದೆ ತಂದು ನಿಲ್ಸು. ಪ್ರತಿ ಯೂನಿಟ್‌ಗೂ, ಅಂದ್ರೆ ಒಂದು ಕಥೆ ಸುತ್ತ ಕಟ್ಟುವ ಪಾಠಗಳ ಗುಂಪಿಗೂ, ಆ ಊರಿನ ಒಬ್ಬರ ಹೆಸರಾದ್ರೂ ಮಕ್ಕಳಿಗೆ ಗೊತ್ತಿರ್ಬೇಕು. ನಾನು ಹೇಳುದು ಇಷ್ಟೇ, ಉಳಿದದ್ದೆಲ್ಲ ಅದನ್ನ ಹೇಗೆ ಮಾಡುದು ಅನ್ನುದು.

ಜೀವನಚರಿತ್ರೆ ಯಾಕೆ ಬೇಕು ಅಂದ್ರೆ, ನಾನು ಅಲ್ಲಿ ನಿಮ್ಮ ಜೊತೆ ಇದ್ದಾಗ ಕಣ್ಣಾರೆ ನೋಡಿದ್ದೇನೆ, ದೊಡ್ಡವನಿಗೆ ಹಿಸ್ಟರಿ ಪುಸ್ತಕ ತೆಗೆದ್ರೆ ಆಕಳಿಕೆ, ಅದೇ ಇಂಗ್ಲೆಂಡಿಂದ ಬಂಗಾಳಕ್ಕೆ ಬಂದ ಮಿಷನರಿ ವಿಲಿಯಂ ಕ್ಯಾರಿ ಕಥೆ ತೆಗೆದ್ರೆ, ಶೂ ಹೊಲಿಯುವ ಕೆಲಸದ ಹುಡುಗ ಲ್ಯಾಟಿನ್, ಗ್ರೀಕ್, ಹೀಬ್ರೂ ಎಲ್ಲ ಹೇಗೆ ಕಲಿತದ್ದು ಅಜ್ಜಿ ಅಂತ ಹಿಂದೆಯೇ ಬರ್ತಾನೆ. ಒಬ್ಬ ಮನುಷ್ಯನ ಬದುಕು ಹಿಡ್ಕೊಂಡ್ರೆ ಅವರು ಹತ್ತಿದ ಹಡಗು, ಇಳಿದ ಊರು, ಬಂದ ಜ್ವರ, ಕಲಿತ ಭಾಷೆ ಎಲ್ಲ ತಾನಾಗಿ ಬರ್ತದೆ, ಭೂಗೋಳ, ಸೈನ್ಸ್, ಬರವಣಿಗೆ ಎಲ್ಲ ಅದರ ಸುತ್ತವೇ ಕಟ್ಟಬಹುದು, ಹತ್ತು ವರ್ಷದವನೂ ಆರು ವರ್ಷದವಳೂ ಒಂದೇ ಟೇಬಲ್ಲಲ್ಲಿ ಕೂತು ಅವರವರ ಮಟ್ಟಕ್ಕೆ ಕಲೀತಾರೆ. ಲೆಕ್ಕ ಮಾತ್ರ ಇದರೊಳಗೆ ತುರುಕ್ಬೇಡ. ಹಡಗು ದಿನಕ್ಕೆ ಎಷ್ಟು ಮೈಲಿ ಹೋಯ್ತು ಅನ್ನುವ ಒಂದು ಲೆಕ್ಕದಲ್ಲಿ ಭಿನ್ನರಾಶಿ ಬರುದಿಲ್ಲ, ಲೆಕ್ಕದ ಪುಸ್ತಕ ದಿನಾ ಬೆಳಿಗ್ಗೆ ಬೇರೆಯೇ ಆಗ್ಲಿ. ನೀವಿರುವ ಟೆಕ್ಸಸ್‌ನಲ್ಲಿ ಓದು, ಸ್ಪೆಲ್ಲಿಂಗ್, ಗ್ರಾಮರ್, ಲೆಕ್ಕ, ಒಳ್ಳೆ ನಾಗರಿಕನಾಗಿರುದು ಈ ಐದು ಕಲಿಸಿದ್ರೆ ಸಾಕು, ರಿಜಿಸ್ಟರ್ ಕೂಡ ಮಾಡ್ಬೇಕಾಗಿಲ್ಲ ಅಂತ ನೀನೇ ಹೇಳಿದ್ದೆ, ಅಷ್ಟು ಸ್ವಾತಂತ್ರ್ಯ ಇರುವಾಗ ಸಿದ್ಧ ವರ್ಕ್‌ಶೀಟಿಗೆ ಯಾಕೆ ಅಂಟ್ಕೊಳ್ಬೇಕು?

ನಿಮ್ಮ ಹಾಗೆ ಮನೇಲೇ ಕಲಿಸುವವರ ಕೋ-ಆಪ್ ಗುಂಪಿನವರು ಕೊಟ್ಟಿದ್ದ ಆ ವರ್ಕ್‌ಶೀಟ್ ನೆನಪುಂಟಾ, ಕ್ಯಾರಿ ಪಾಠಕ್ಕೆ ನಮ್ಮ ತ್ರಿವರ್ಣ ಧ್ವಜಕ್ಕೆ ಬಣ್ಣ ಹಾಕ್ಲಿಕ್ಕೆ ಕೊಟ್ಟದ್ದು. ಕ್ಯಾರಿ ಕಲ್ಕತ್ತಕ್ಕೆ ಬಂದದ್ದು 1793ರಲ್ಲಿ, ಆಗ ಆ ಧ್ವಜ ಎಲ್ಲಿತ್ತು? ಬಣ್ಣ ಹಾಕ್ಲೇಬೇಕು ಅಂತಿದ್ರೆ ಡೆನ್ಮಾರ್ಕ್ ಬಾವುಟಕ್ಕೆ ಹಾಕಿಸು, ಅದರಲ್ಲಿ ಒಂದು ಪಾಠವೇ ಉಂಟು. ಈಸ್ಟ್ ಇಂಡಿಯಾ ಕಂಪನಿಗೆ ತನ್ನ ಜಾಗದಲ್ಲಿ ಮಿಷನರಿಗಳು ಇರುದು ಬೇಡವಾಗಿತ್ತು, ಜನ ಸಿಟ್ಟಾದ್ರೆ ವ್ಯಾಪಾರ ಹಾಳಾಗ್ತದೆ ಅಂತ ಹೆದರಿಕೆ, ಹಾಗಾಗಿ ಕ್ಯಾರಿಯವರು 1800ರಲ್ಲಿ ಡೇನರ ಕೈಲಿದ್ದ ಸೆರಾಂಪುರಕ್ಕೆ ಹೋಗಿ ನೆಲೆ ನಿಂತದ್ದು. ಮಿಷನರಿಗಳನ್ನ ಒಳಗೆ ಬಿಡುವ ದಾರಿ ತೆರೆದದ್ದು 1813ರ ಚಾರ್ಟರ್ ಕಾಯ್ದೆ. ಕಂಪನಿ, ಮಿಷನ್ ಎಲ್ಲ ಒಂದೇ ಅಂತ ಹೇಳುದೂ ಸುಲಭ, ಎರಡಕ್ಕೂ ಸಂಬಂಧವೇ ಇಲ್ಲ ಅಂತ ಹೇಳುದೂ ಸುಲಭ, ಎರಡೂ ಸರಿಯಲ್ಲ, ಇದೇ ಕ್ಯಾರಿ 1801ರಿಂದ ಕಂಪನಿಯ ಫೋರ್ಟ್ ವಿಲಿಯಂ ಕಾಲೇಜಲ್ಲಿ ಸಂಬಳಕ್ಕೆ ಪಾಠ ಮಾಡಿದವರು. ಇದನ್ನ ಅಳಿಯನಿಗೂ ಓದಿ ಹೇಳು.

ಸೆರಾಂಪುರಕ್ಕೆ ಮುಂಚೆ ಅವರು ಮಾಲ್ಡಾ ಕಡೆ ಮದನಾವತಿಯಲ್ಲಿ ನೀಲಿ ಗಿಡದಿಂದ ಬಣ್ಣ ತೆಗೆಯುವ ಫ್ಯಾಕ್ಟರಿ ನೋಡ್ಕೊಳ್ತಿದ್ರು. ನಾವು ಹಿತ್ತಲಲ್ಲಿ ಬಕೆಟ್ ಇಟ್ಟು ನೀಲಿ ಅದ್ದಿದ್ದು ಅದಕ್ಕೇ. ಬಟ್ಟೆ ನೀರಿಂದ ತೆಗೆದಾಗ ಹಳದಿ ಮಿಶ್ರ ಹಸಿರು, ಗಾಳಿ ತಾಗ್ತಾ ತಾಗ್ತಾ ಕಣ್ಣೆದುರೇ ನೀಲಿಯಾಗಿ ತಿರುಗಿದ್ದು, ಚಿಕ್ಕವಳು ಉಸಿರು ಬಿಗಿ ಹಿಡ್ಕೊಂಡು ನೋಡ್ತಿದ್ಲು. ಆಕ್ಸಿಜನ್ ಅಂದ್ರೆ ಎಂತ ಅಂತ ಇನ್ನು ಅವಳಿಗೆ ಹೇಳಿ ಕೊಡ್ಬೇಕಾಗಿಲ್ಲ. ಆದ್ರೆ ಪಾಠ ಅಲ್ಲಿಗೆ ನಿಲ್ಲಿಸ್ಬೇಡ, ದೊಡ್ಡವನಿಗೆ ಮುಂದಿನದ್ದೂ ಹೇಳು: ಅದೇ ಬಂಗಾಳದಲ್ಲಿ ಮುಂದೆ ನೀಲಿ ಬೆಳೆಸ್ಲಿಕ್ಕೆ ರೈತರನ್ನ ತೋಟದ ದೊರೆಗಳು ಹೊಡೆದು ಬಡಿದು ಒತ್ತಾಯ ಮಾಡಿದ್ದು, 1859ರಲ್ಲಿ ರೈತರು ಎದ್ದು ನಿಂತದ್ದು, ದೀನಬಂಧು ಮಿತ್ರರು ಅದರ ಮೇಲೆ ನೀಲ್ ದರ್ಪಣ ನಾಟಕ ಬರೆದದ್ದು. ಅದರ ಇಂಗ್ಲಿಷ್ ಅನುವಾದ ಪ್ರಿಂಟ್ ಮಾಡ್ಸಿದ್ದಕ್ಕೆ 1861ರಲ್ಲಿ ಒಂದು ತಿಂಗಳು ಜೈಲಿಗೆ ಹೋದವರು ಯಾರು ಗೊತ್ತುಂಟಾ, ಜೇಮ್ಸ್ ಲಾಂಗ್ ಅನ್ನುವ ಮಿಷನರಿ. ಸಾವಿರ ರೂಪಾಯಿ ದಂಡ ಬಿದ್ದದ್ದನ್ನ ಕಟ್ಟಿದವರು ಕಾಳಿಪ್ರಸನ್ನ ಸಿಂಹ ಅನ್ನುವ ಹಿಂದೂ ಸಾಹಿತಿ. ಈ ಇಬ್ಬರ ಕಥೆ ನನಗೆ ತುಂಬಾ ಇಷ್ಟ, ಮಕ್ಕಳಿಗೆ ಒಂದೇ ಒಂದು ಕಥೆ ಹೇಳ್ಲಿಕ್ಕೆ ಟೈಮ್ ಇದ್ರೂ ನಾನು ಇದನ್ನೇ ಹೇಳ್ತೇನೆ.

ಕ್ಯಾರಿಯವರ ಹೆಂಡತಿ ಡೊರೊಥಿ ವಿಷಯ ಬಿಡ್ಬೇಡ. ಅವರಿಗೆ ಬರ್ಲಿಕ್ಕೇ ಮನಸ್ಸಿರ್ಲಿಲ್ಲ, ಕೈಲಿ ಹಸುಗೂಸು, ತಂಗಿ ಜೊತೆಗೆ ಬರ್ತೇನೆ ಅಂದ ಮೇಲೆ ಹೊರಟದ್ದು. 1794ರಲ್ಲಿ ಐದು ವರ್ಷದ ಮಗ ಪೀಟರ್ ತೀರಿ ಹೋದ, ಆಮೇಲೆ ಅವರ ಮನಸ್ಸು ಸರಿಯಾಗ್ಲೇ ಇಲ್ಲ, 1807ರಲ್ಲಿ ತೀರಿಹೋದ್ರು. ಮಕ್ಕಳ ಪುಸ್ತಕಗಳಲ್ಲಿ ಇದಕ್ಕೆ ಎರಡು ಸಾಲು ಸಿಕ್ಕಿದ್ರೆ ಹೆಚ್ಚು. ದೊಡ್ಡವ ಇದನ್ನ ಕೇಳಿ ಕ್ಯಾರಿ ಮೇಲೆ ಸಿಟ್ಟು ಮಾಡ್ಕೊಂಡ, ಮಾಡ್ಕೊಳ್ಲಿ, ಸಿಟ್ಟು ಬಂದ ಮೇಲೂ ಆ ಮನುಷ್ಯ ಮಾಡಿದ ಕೆಲಸವನ್ನ ನೋಡ್ಲಿಕ್ಕೆ ಕಲೀಬೇಕು. ಹಾಗೇ ಸತಿ ಪದ್ಧತಿ ನಿಲ್ಸಿದ್ದು ಕ್ಯಾರಿ ಒಬ್ಬರೇ ಅನ್ನುವ ಹಾಗೆ ಬರೆದಿರ್ತಾರೆ, ಅಲ್ಲಿ ನಿಲ್ಸಿ ರಾಮಮೋಹನ ರಾಯರ ಹೆಸರು ಹೇಳು, 1829ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಸತಿ ನಿಷೇಧದ ಕಾನೂನು ತಂದದ್ರ ಹಿಂದೆ ಇಬ್ಬರ ಶ್ರಮವೂ ಉಂಟು.

ಈಗ ಪಂಚಾನನ ಕರ್ಮಕಾರ. ಸೆರಾಂಪುರ ಪ್ರೆಸ್ ಅಂದ್ರೆ ಎಲ್ಲರೂ ಕ್ಯಾರಿ, ಅವರ ಜೊತೆಗಿದ್ದ ಮಿಷನರಿಗಳಾದ ಮಾರ್ಷ್‌ಮನ್, ವಾರ್ಡ್ ಅಂತ ಮೂರು ಹೆಸರು ಹೇಳ್ತಾರೆ, ಅಚ್ಚುಮೊಳೆ ಕೆತ್ತಿದ ಕೈ ಯಾರದ್ದು? ಬಂಗಾಳದ ಈ ಕಮ್ಮಾರ ಮನೆತನದವರದ್ದು, ಅವರಾದ ಮೇಲೆ ಅವರ ಅಳಿಯ ಮನೋಹರರದ್ದು. ಉಕ್ಕಿನ ತುದೀಲಿ ಅಕ್ಷರವನ್ನ ತಿರುಗುಮುರುಗಾಗಿ ಕೆತ್ತಿ, ಅದನ್ನ ತಾಮ್ರಕ್ಕೆ ಹೊಡೆದು ಅಚ್ಚು ಮಾಡಿ, ಅದರೊಳಗೆ ಸೀಸ ಎರಕ ಹೊಯ್ದು ಮೊಳೆ ಮಾಡುದು. ಬಾಯಲ್ಲಿ ಹೇಳಿದ್ರೆ ಮಕ್ಕಳಿಗೆ ಹೇಗೆ ಗೊತ್ತಾಗ್ಬೇಕು, ಅದಕ್ಕೇ ಇಬ್ಬರಿಗೂ ಒಂದೊಂದು ಸೋಪಿನ ಬಿಲ್ಲೆ ಕೊಟ್ಟು ಅವರವರ ಹೆಸರಿನ ಮೊದಲ ಅಕ್ಷರ ಕನ್ನಡದಲ್ಲಿ ಕೆತ್ತಿಸಿದ್ದು. ಇಂಕ್ ಹಚ್ಚಿ ಕಾಗದಕ್ಕೆ ಒತ್ತಿದ್ರೆ ಉಲ್ಟಾ ಬಂತು. ಎರಡನೇ ಬಿಲ್ಲೆ ತಗೊಂಡು ದೊಡ್ಡವ ಬಾತ್‌ರೂಮ್ ಕನ್ನಡಿ ಎದುರು ಹೋಗಿ ನಿಂತು ಅಕ್ಷರ ನೋಡಿ ಕೆತ್ತಿದ, ಯಾರೂ ಹೇಳಿ ಕೊಟ್ಟದ್ದಲ್ಲ. ಆಮೇಲೆ ಅವನೇ, ಇಷ್ಟೊಂದು ಒತ್ತಕ್ಷರ ಇರುವ ಭಾಷೆಗೆ ಎಷ್ಟು ಮೊಳೆ ಬೇಕಾಗಿರಬಹುದು ಅಂತ ಕೇಳಿದ್ದು. ಕ್ಯಾರಿಯವರ ಕನ್ನಡ ವ್ಯಾಕರಣ ಇದೇ ಸೆರಾಂಪುರದಲ್ಲಿ 1817ರಲ್ಲಿ ಅಚ್ಚಾದದ್ದು ಅಂತ ಹೇಳಿದಾಗ ಅವನಿಗೆ ನಮ್ಮ ಭಾಷೆ ಮೇಲೇ ಹೊಸ ಗೌರವ ಬಂದ ಹಾಗಿತ್ತು.

ಅಮೆರಿಕದ ಆ ಮಿಷನರಿ ಪುಸ್ತಕಗಳ ಸೀರೀಸ್‌ಗಳಲ್ಲಿ ನಮ್ಮ ಮಂಗಳೂರು ಸಿಗುದು ಕಷ್ಟ, ಹಾಗಾಗಿ ಆ ಯೂನಿಟ್ ನಾವೇ ಕಟ್ಟಿದ್ದು, ಅದನ್ನ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬೆಳೆಸ್ತಾ ಹೋಗು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಬಂದದ್ದು, ಹರ್ಮನ್ ಮೋಗ್ಲಿಂಗ್ 1843 ಜುಲೈ 1ಕ್ಕೆ ಕಲ್ಲಚ್ಚಿನಲ್ಲಿ ಮಂಗಳೂರ ಸಮಾಚಾರ ಅನ್ನುವ ಕನ್ನಡದ ಮೊದಲ ಪತ್ರಿಕೆ ತಂದದ್ದು, ಇವತ್ತಿಗೂ ನಮ್ಮಲ್ಲಿ ಜುಲೈ 1 ಪತ್ರಿಕಾ ದಿನ. ಮಕ್ಕಳು ಎರಡು ಪುಟದ ಪೇಪರ್ ಮಾಡ್ಲಿ, ಬೀದಿಯ ಸುದ್ದಿ, ಹವಾಮಾನ, ಒಂದು ಗಾದೆ, ಅಷ್ಟೇ ಸಾಕು ಬರವಣಿಗೆಗೆ. ಗಾದೆ ಬೇಕಾದ್ರೆ ಕಿಟ್ಟೆಲ್ ಡಿಕ್ಷನರಿ ಉಂಟಲ್ಲ, 1894ರದ್ದು, ಸುಮಾರು 70 ಸಾವಿರ ಪದ, 1700ಕ್ಕೂ ಹೆಚ್ಚು ಪುಟ, ಗಾದೆಗಳನ್ನೂ ಅದರಲ್ಲೇ ಸೇರಿಸಿದ್ದಾರೆ. ಸ್ಕ್ಯಾನ್ ಕಾಪಿ ಇಂಟರ್ನೆಟ್‌ನಲ್ಲಿ ಉಂಟು, ದಿನಕ್ಕೊಂದು ಪದ ತೆಗೆದು ನೋಡ್ಲಿ. ಇಲ್ಲೂ ಕಿಟ್ಟೆಲ್ ಒಬ್ಬರೇ ಕೂತು ಬರೆದದ್ದಲ್ಲ, ಕನ್ನಡ ಬಲ್ಲ ಊರಿನವರು ಅವರಿಗೆ ಸಹಾಯ ಮಾಡಿದ್ರು ಅಂತ ಹೇಳ್ಲೇಬೇಕು.

ನಾನು ಸೀರೆಗಳ ಮಧ್ಯ ಸುತ್ತಿ ಸೂಟ್‌ಕೇಸಲ್ಲಿ ತಂದ ಹೆಂಚು ಅಲ್ಲೇ ಉಂಟಲ್ವಾ, ಗ್ಯಾರೇಜಿಗೆ ಹಾಕ್ಬೇಡ. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಬಾಸೆಲ್ ಮಿಷನ್ ಅನ್ನುವ ಅಕ್ಷರ ತೆಗೆದಾಗ ಚಿಕ್ಕವಳು, ಹಾಗಾದ್ರೆ ಇದರ ಅಚ್ಚಲ್ಲೂ ಅಕ್ಷರ ಉಲ್ಟಾ ಇತ್ತಾ ಅಜ್ಜಿ ಅಂತ ಕೇಳಿದ್ಲಲ್ಲ, ನಿನಗೆ ಆಗಲೇ ಹೇಳಿದ್ದೆ. ಸೋಪಿನ ಪಾಠ ಹೆಂಚಿಗೆ ಬಂದು ಕೂಡಿತು ನೋಡು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿ ದಡದಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಹೆಂಚಿನ ಫ್ಯಾಕ್ಟರಿ ಶುರು ಮಾಡಿದ್ದಕ್ಕೆ ಕಾರಣ ನದಿಯ ಆವೆಮಣ್ಣು ಮಾತ್ರ ಅಲ್ಲ. ದೀಕ್ಷಾಸ್ನಾನ ತಗೊಂಡವರನ್ನ ಮನೆಯವರು, ಜಾತಿಯವರು ಹೊರಗೆ ಹಾಕ್ತಿದ್ರು, ಕೆಲಸ ಇಲ್ಲ, ಗದ್ದೆ ಇಲ್ಲ, ಅವರು ಊಟಕ್ಕೆ ಎಂತ ಮಾಡುದು? ನೇಯ್ಗೆ, ಹೆಂಚು ಎಲ್ಲ ಹಾಗೆ ಬಂದದ್ದು, ನಮ್ಮ ಮನೆಯವರೂ ಆ ಮಣ್ಣು ತುಳಿದವರೇ.

ಆ ಪಾಠದ ದಿನವೇ ದೊಡ್ಡವ ಕೇಳಿದ್ದು, ಅಜ್ಜಿ, ಮಿಷನರಿಗಳು ಬರುವ ಮೊದಲು ನಮ್ಮವರು ಕೆಟ್ಟವರಾಗಿದ್ರಾ ಅಂತ. ನೀನು ಅಡುಗೆಮನೇಲಿದ್ದೆ, ನಾನು ಕೊಟ್ಟ ಉತ್ತರ ನಿನಗೆ ಕೇಳಿರ್ಲಿಕ್ಕಿಲ್ಲ. ನನ್ನ ಅಜ್ಜನ ಅಜ್ಜ ಕ್ರೈಸ್ತರಾದಾಗ ಅವರ ಅಪ್ಪ ಬಾಗಿಲು ಹಾಕಿದ್ರು, ಅವರ ಅಮ್ಮ ಕಡೇವರೆಗೂ ಕ್ರೈಸ್ತರಾಗ್ಲಿಲ್ಲ, ಆದ್ರೆ ಕತ್ತಲಾದ ಮೇಲೆ ಹಿತ್ತಿಲ ಕಡೆ ಮಗನಿಗೆ ಗಂಜಿ, ಮೀನು ಇಟ್ಟು ಬರ್ತಿದ್ರಂತೆ, ಮನೇಲಿ ಎಲ್ಲರೂ ಹೇಳ್ತಾ ಬಂದ ಮಾತು ಇದು. ಆ ಅಜ್ಜಿ ಕೆಟ್ಟವರಾ ನೀನೇ ಹೇಳು ಅಂದೆ. ಅವ ತುಂಬಾ ಹೊತ್ತು ಸುಮ್ಮನಿದ್ದು, ಅವರ ಹೆಸರೆಂತ ಅಂತ ಕೇಳಿದ. ಹೆಸರು ನಮಗೆ ಯಾರಿಗೂ ಗೊತ್ತಿಲ್ಲ ಅಂತ ಹೇಳುವಾಗ ನನಗೆ ಗಂಟಲು ಕಟ್ಟಿತು ಮಗಳೇ. ಯೇಸುವಿನ ಮೇಲೆ ನನಗಿರುವ ನಂಬಿಕೆ ನಿನಗೆ ಗೊತ್ತು, ಆ ನಂಬಿಕೆ ಮಕ್ಕಳಿಗೂ ಬರ್ಲಿ ಅಂತ ದಿನಾ ಪ್ರಾರ್ಥನೆ ಮಾಡ್ತೇನೆ, ಆದ್ರೆ ಅದಕ್ಕೋಸ್ಕರ ಆ ತಾಯಿಯನ್ನ ಕತ್ತಲೆಯವಳು ಅಂತ ಕರೀಲಿಕ್ಕೆ ನನ್ನಿಂದ ಆಗುದಿಲ್ಲ, ನೀನೂ ಕರೀಬೇಡ, ಪುಸ್ತಕದಲ್ಲಿ ಹಾಗೆ ಬಂದ್ರೆ ಅಲ್ಲೇ ನಿಲ್ಸಿ ಮಕ್ಕಳ ಜೊತೆ ಮಾತಾಡು.

ತಮಿಳುನಾಡಿನಲ್ಲಿ ಮಕ್ಕಳನ್ನ ಸಾಕಿದ ಮಿಷನರಿ ಏಮಿ ಕಾರ್ಮೈಕಲ್ ಪುಸ್ತಕ ದೊಡ್ಡವನಿಗೆ ಇನ್ನೆರಡು ವರ್ಷ ಬಿಟ್ಟು ಕೊಡು, ಚಿಕ್ಕವಳಿಗೆ ಈಗ ಬೇಡವೇ ಬೇಡ. 1901ರಲ್ಲಿ ದೇವಸ್ಥಾನದಿಂದ ತಪ್ಪಿಸ್ಕೊಂಡು ಅವರ ಹತ್ತಿರ ಬಂದ ಪ್ರೀನಾ ಅನ್ನುವ ಹುಡುಗಿಗೆ ಏಳೇ ವರ್ಷ, ಅದನ್ನೆಲ್ಲ ವಿವರಿಸ್ಲಿಕ್ಕೆ ವಯಸ್ಸು ಬೇಕು. ಓದುವಾಗ ಅವರ ಜೊತೆಗಿದ್ದ ತಮಿಳು ಹೆಂಗಸು ಪೊನ್ನಮ್ಮಾಳ್ ಹೆಸರು ಬರ್ಕೊಳ್ಲಿ, ದೋಣಾವೂರಿನ ಆ ಮಕ್ಕಳನ್ನ ಸಾಕಿದ್ದರಲ್ಲಿ ಅವರ ಪಾಲು ದೊಡ್ಡದು.

ಮುಂದಿನ ಯೂನಿಟ್ ಪಂಡಿತಾ ರಮಾಬಾಯಿ ಆಗ್ಲಿ ಅಂತ ನನ್ನ ಆಸೆ. 1858ರಲ್ಲಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದಲ್ಲಿ, ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಜನರ ವಿರೋಧ ಕಟ್ಟಿಕೊಂಡು ಕಾಡಿಗೆ ಹೋಗಿ ಕೂತ ಅಪ್ಪ, ಬರಗಾಲದಲ್ಲಿ ಅಪ್ಪ ಅಮ್ಮ ಇಬ್ಬರನ್ನೂ ಕಳ್ಕೊಂಡು ಅಣ್ಣನ ಜೊತೆ ದೇಶ ಸುತ್ತಿದ ಹುಡುಗಿ, ಕಲ್ಕತ್ತದ ಪಂಡಿತರಿಂದಲೇ ಪಂಡಿತಾ ಅಂತ ಕರೆಸ್ಕೊಂಡವರು. 1883ರಲ್ಲಿ ಇಂಗ್ಲೆಂಡಲ್ಲಿ ದೀಕ್ಷಾಸ್ನಾನ ತಗೊಂಡ್ರೂ ಅಲ್ಲಿನ ಚರ್ಚಿನವರು ಹೇಳಿದ್ದಕ್ಕೆಲ್ಲ ತಲೆ ಆಡಿಸ್ಲಿಲ್ಲ, ಅವರ ಜೊತೆ ಪತ್ರದಲ್ಲಿ ವಾದ ಮಾಡಿದ್ರು. 1886ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದು ಆನಂದಿಬಾಯಿ ಜೋಶಿ ಡಾಕ್ಟರ್ ಆದದ್ದನ್ನ ನೋಡಿದ್ರು, ಆಮೇಲೆ ಊರಿಗೆ ಬಂದು ವಿಧವೆಯರಿಗೆ ಶಾರದಾ ಸದನ ಅನ್ನುವ ಶಾಲೆ, ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಅನ್ನುವ ಆಶ್ರಯಧಾಮ, ಸಾಯುವವರೆಗೂ ಬೈಬಲನ್ನ ಮರಾಠಿಗೆ ತಂದ ಕೆಲಸ. ಅಳಿಯನ ಪ್ರಶ್ನೆಗೆ ನನಗಿಂತ ಚೆನ್ನಾಗಿ ಅವರ ಬದುಕೇ ಉತ್ತರ ಕೊಡ್ತದೆ.

ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುದು ಅದೇ ಗಂಗಾಮೂಲದಲ್ಲಿ. ಹಾಗಾಗಿ ಮೊದಲ ವಾರ ಮ್ಯಾಪ್ ಪಾಠ: ಎರಡು ನದಿ ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಯಾಕೆ ಹೋಗ್ತದೆ ಅಂತ ಮಕ್ಕಳೇ ಉಪ್ಪು ಹಿಟ್ಟು ಕಲಸಿ ಘಟ್ಟ ಮಾಡಿ ಮೇಲಿಂದ ನೀರು ಬಿಟ್ಟು ನೋಡ್ಲಿ. ಮ್ಯಾಪ್ ನಾನು ಬಿಡಿಸಿ ಕಳಿಸ್ತೇನೆ, ನೀನು ಪ್ರಿಂಟರಿಗೆ ಇಂಕ್ ತಂದಿಡು, ಹಿಟ್ಟು ಕಲಸುವ ದಿನ ವಿಡಿಯೋ ಕಾಲ್ ಮಾಡು, ಅಳಿಯನನ್ನೂ ಕೂರಿಸ್ಕೋ.

ನಿನ್ನ ಅಮ್ಮ