ಬಿಸಿಯಾದಾಗ ಸ್ಟಾರ್ಟ್ ಆಗದ ಬೈಕನ್ನು ತಣ್ಣಗಿರುವಾಗ ಪರೀಕ್ಷಿಸುತ್ತಿರುವ ಬಗ್ಗೆ ದೂರು

ಚಿಕ್ಕಮಗಳೂರು
9 ಜೂನ್ 2025

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ

ವಿಷಯ: ಹಾಟ್ ಸ್ಟಾರ್ಟ್ ಸಮಸ್ಯೆ ಮೂರು ಸಲ ಕೊಟ್ಟರೂ ಸರಿಯಾಗದಿರುವುದು, ಅನಗತ್ಯವಾಗಿ ಬಿಡಿಭಾಗ ಬದಲಿಸಿ ಹಣ ಪಡೆದಿರುವುದು

ಮಾನ್ಯರೇ,

2024ರ ಮಾರ್ಚ್‌ನಲ್ಲಿ ಹಾಸನದ ನಿಮ್ಮ ಷೋರೂಮಿನಲ್ಲಿ ಕೊಂಡ ನನ್ನ ಟೂರಿಂಗ್ ಬೈಕು ಇವತ್ತಿಗೆ 21,400 ಕಿ.ಮೀ. ಓಡಿದೆ. ವಾರಂಟಿ 3 ವರ್ಷದ್ದು. ಬೆಳಿಗ್ಗೆ ಬಟನ್ ಮುಟ್ಟಿದರೆ ಸಾಕು, ಸ್ಟಾರ್ಟ್ ಆಗುತ್ತದೆ. ಆದರೆ ಬಿಸಿಲಲ್ಲಿ ಒಂದೆರಡು ಗಂಟೆ ಓಡಿಸಿ, ಆಫ್ ಮಾಡಿ, ಹತ್ತು ಹದಿನೈದು ನಿಮಿಷ ನಿಲ್ಲಿಸಿದರೆ ಮುಗಿಯಿತು. ಸ್ಟಾರ್ಟರ್ ಗರಗರ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಮುಕ್ಕಾಲು ಗಂಟೆ ಕಾದರೆ ಏನೂ ಆಗೇ ಇಲ್ಲವೇನೋ ಎಂಬಂತೆ ಮತ್ತೆ ಸ್ಟಾರ್ಟ್. ಎರಡು ತಿಂಗಳಲ್ಲಿ ಮೂರು ಸಲ ನಿಮ್ಮ ಸರ್ವಿಸ್ ಸೆಂಟರ್‌ಗೆ ಒಯ್ದಿದ್ದೇನೆ. ಮೂರು ಜಾಬ್ ಕಾರ್ಡ್‌ಗಳಲ್ಲೂ ಒಂದೇ ಸಾಲು: "ಸಮಸ್ಯೆ ಕಂಡುಬಂದಿಲ್ಲ."

ಯಾಕೆ ಕಂಡುಬರಲಿಲ್ಲ ಎಂಬುದೇ ನನ್ನ ಮುಖ್ಯ ದೂರು. ಚಿಕ್ಕಮಗಳೂರಿನಿಂದ ಹಾಸನಕ್ಕೆ ಸುಮಾರು 60 ಕಿ.ಮೀ. ನಾನು ಬಂದು ಗೇಟಿನ ಒಳಗೆ ನಿಲ್ಲಿಸಿದಾಗ ಬೈಕು ಕಾದಿರುತ್ತದೆ. ಕಾದಿರುವಾಗಲೇ ನೋಡಿ ಎಂದು ಪ್ರತಿ ಸಲ ಬೇಡಿಕೊಂಡಿದ್ದೇನೆ. ಅದನ್ನು ಸಾಲಿನಲ್ಲಿ ತಳ್ಳಿ ನಿಲ್ಲಿಸಿ, ಮೆಕ್ಯಾನಿಕ್ ಕೈ ಹಾಕುವುದು ಮರುದಿನ ಬೆಳಿಗ್ಗೆ. ರಾತ್ರಿಯಿಡೀ ತಣ್ಣಗಾದ ಬೈಕು ಸ್ಟಾರ್ಟ್ ಆಗದೇ ಇರುತ್ತದೆಯೇ? ಜ್ವರ ಇಳಿದ ಮೇಲೆ ಥರ್ಮಾಮೀಟರ್ ಇಟ್ಟು ಜ್ವರವೇ ಇರಲಿಲ್ಲ ಎಂದ ಹಾಗಾಯಿತು ಇದು.

ಮೊದಲ ಸಲ ಕೈಕೊಟ್ಟಿದ್ದು ಏಪ್ರಿಲ್ 6ರಂದು. ಧರ್ಮಸ್ಥಳದಿಂದ ಹೆಂಡತಿಯೊಂದಿಗೆ ಮರಳುತ್ತಿದ್ದೆ. ಉಜಿರೆಯಲ್ಲಿ ಮಧ್ಯಾಹ್ನದ ಬಿಸಿಲು, ಆಮೇಲೆ ಚಾರ್ಮಾಡಿ ಘಾಟಿಯ ತಿರುವುಗಳನ್ನು ಬಸ್ಸಿನ ಹಿಂದೆ ಎರಡನೇ ಗೇರಿನಲ್ಲಿ ಹತ್ತಿದ್ದು. ಕೊಟ್ಟಿಗೆಹಾರದಲ್ಲಿ ಚಹಾಕ್ಕೆ ನಿಂತೆವು. ಹೊರಡೋಣವೆಂದರೆ ಬೈಕು ಏಳಲಿಲ್ಲ. ಎರಡನೇ ಸಲ ಹಂಪಿಗೆ ಹೋಗುವಾಗ ಚಿತ್ರದುರ್ಗದ ಪೆಟ್ರೋಲ್ ಬಂಕಿನಲ್ಲಿ. ಮೂರನೇ ಸಲ, ಮೇ 25ಕ್ಕೆ, ಮತ್ತೆ ಅದೇ ಕೊಟ್ಟಿಗೆಹಾರದಲ್ಲಿ.

ಇಷ್ಟರಲ್ಲಿ ನಿಮ್ಮವರು ಮಾಡಿದ್ದು: ಮೊದಲು ಬ್ಯಾಟರಿ ಬದಲಿಸಿ 4,850 ರೂಪಾಯಿ. ಆಮೇಲೆ ಸ್ಪಾರ್ಕ್ ಪ್ಲಗ್ 1,160, ಥ್ರಾಟಲ್ ಬಾಡಿ ಕ್ಲೀನಿಂಗ್ 900. ಒಟ್ಟು 6,910 ರೂಪಾಯಿ ನನ್ನ ಜೇಬಿನಿಂದ. ಫ್ಯೂಯೆಲ್ ಪಂಪನ್ನು ವಾರಂಟಿಯಲ್ಲಿ ಬದಲಿಸಿದರು. ಮೂರನೇ ಸಲ ಒಯ್ದಾಗ, "ಈಗ ಪೆಟ್ರೋಲಿನಲ್ಲಿ 20% ಎಥನಾಲ್ ಇದೆ ಸರ್, ಎಲ್ಲರಿಗೂ ಹೀಗೇ" ಎಂದರು. ಅದೇ ಪೆಟ್ರೋಲ್ ಟ್ಯಾಂಕಿನಲ್ಲಿದ್ದಾಗ ಮುಕ್ಕಾಲು ಗಂಟೆಯ ನಂತರ ಅದೇ ಬೈಕು ಒಂದೇ ಸಲಕ್ಕೆ ಸ್ಟಾರ್ಟ್ ಆಗಿದೆ. ಬಿಸಿಗೆ ಪೆಟ್ರೋಲ್ ಆವಿಯಾಗಿ ತೊಂದರೆ ಕೊಡುವುದುಂಟು, ಒಪ್ಪುತ್ತೇನೆ. ಆದರೆ ಅದೇ ಕಾರಣವೇ ಎಂದು ಯಾರೂ ಪ್ರೆಷರ್ ಗೇಜ್ ಹಾಕಿ ಪೆಟ್ರೋಲಿನ ಒತ್ತಡ ನೋಡಲಿಲ್ಲ.

ಬೇಸತ್ತು ಮೇ 25ರಂದು ಮಲ್ಟಿಮೀಟರ್ ಬ್ಯಾಗಿನಲ್ಲಿ ಇಟ್ಟುಕೊಂಡೇ ಹೊರಟಿದ್ದೆ. ಬೈಕು ಏಳದೇ ಇದ್ದಾಗ ನೋಡಿದ್ದನ್ನು ಇದ್ದಂತೆ ಬರೆಯುತ್ತೇನೆ. ಬ್ಯಾಟರಿ 12.6 ವೋಲ್ಟ್. ಬಟನ್ ಒತ್ತಿ ಹಿಡಿದಾಗ 10.7ಕ್ಕೆ ಇಳಿಯಿತು, ಅದಕ್ಕಿಂತ ಕೆಳಗೆ ಹೋಗಲಿಲ್ಲ, ಅಂದರೆ ಬ್ಯಾಟರಿ ಸರಿ ಇದೆ. ಸ್ಟಾರ್ಟರ್ ತಿರುಗುವ ವೇಗ ಬೆಳಗ್ಗಿನಷ್ಟೇ. ಕೀ ತಿರುಗಿಸಿದಾಗ ಪಂಪು ಎರಡು ಕ್ಷಣ ಗುಂಯ್ ಎಂದು ನಿಂತಿತು, ಅದೂ ಸರಿ. ಥ್ರಾಟಲ್ ಪೂರ್ತಿ ತೆರೆದು ಒತ್ತಿದೆ, ಪೆಟ್ರೋಲ್ ಹೆಚ್ಚಾಗಿ ತುಂಬಿಕೊಂಡಿದ್ದರೆ ಹಿಡಿಯಬೇಕಿತ್ತು, ಹಿಡಿಯಲಿಲ್ಲ. ಆಗ ಕಣ್ಣಿಗೆ ಬಿದ್ದಿದ್ದು ಆರ್‌ಪಿಎಂ ಮುಳ್ಳು. ಮಾಮೂಲಿಯಾಗಿ ಸ್ಟಾರ್ಟರ್ ತಿರುಗುವಾಗ ಅದು ಸೊನ್ನೆಯಿಂದ ಸ್ವಲ್ಪ ಮೇಲೆದ್ದು ನಡುಗುತ್ತದೆ. ಅವತ್ತು ಸೊನ್ನೆಯ ಮೇಲೆ ಅಂಟಿಸಿಟ್ಟ ಹಾಗೆ ಕೂತಿತ್ತು.

ಅಂದರೆ ಇಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ಮುಟ್ಟುತ್ತಿಲ್ಲ. ಆ ಸುದ್ದಿ ಮುಟ್ಟಿಸುವುದು ಕ್ರ್ಯಾಂಕ್ ಪೊಸಿಷನ್ ಸೆನ್ಸರ್. ಅದರ ಕನೆಕ್ಟರ್ ಬಿಚ್ಚಿ ಓಮ್ಸ್‌ನಲ್ಲಿ ಅಳೆದೆ. ಮೀಟರ್ ಏನೂ ತೋರಿಸಲಿಲ್ಲ, ಅಂದರೆ ಒಳಗೆ ಎಲ್ಲೋ ಸರ್ಕ್ಯೂಟ್ ಕಡಿದುಹೋಗಿತ್ತು. ಹೋಟೆಲಿನವರು ಕೊಟ್ಟ ಒದ್ದೆ ಬಟ್ಟೆಯನ್ನು ಸೆನ್ಸರ್ ಇರುವ ಕವರಿನ ಮೇಲೆ ಹಾಕಿ, ಹಬೆ ಬರುವುದು ನಿಲ್ಲುವ ತನಕ ಮತ್ತೆ ಮತ್ತೆ ಒದ್ದೆ ಮಾಡಿದೆ. ಹತ್ತು ನಿಮಿಷಕ್ಕೆ ಮೀಟರ್ 196 ಓಮ್ಸ್ ತೋರಿಸಿತು, ಸರ್ಕ್ಯೂಟ್ ಮತ್ತೆ ಕೂಡಿಕೊಂಡಿತ್ತು. ಕನೆಕ್ಟರ್ ಹಾಕಿ ಬಟನ್ ಒತ್ತಿದೆ. ಮುಳ್ಳು ನಡುಗಿತು, ಬೈಕು ಸ್ಟಾರ್ಟ್ ಆಯಿತು. ಇದಿಷ್ಟರ ವಿಡಿಯೋ ನನ್ನ ಹೆಂಡತಿ ಮಾಡಿಟ್ಟಿದ್ದಾಳೆ.

ಬೈಕು ಓಡುವಾಗ ಗಾಳಿ ಮತ್ತು ಕೂಲೆಂಟ್ ಬಿಸಿಯನ್ನು ಒಯ್ಯುತ್ತಿರುತ್ತವೆ. ಆಫ್ ಮಾಡಿದ ಕೂಡಲೇ ಎರಡೂ ನಿಲ್ಲುತ್ತವೆ, ಇಂಜಿನ್ನಿನ ಶಾಖ ಸುತ್ತಲಿನ ಭಾಗಗಳಿಗೆ ಹಬ್ಬಿ ಅವು ಓಡುವಾಗಿನದಕ್ಕಿಂತಲೂ ಹೆಚ್ಚು ಕಾಯುತ್ತವೆ. ಸೆನ್ಸರಿನ ಕಾಯಿಲ್‌ನಲ್ಲಿ ಕೂದಲೆಳೆಯ ಬಿರುಕಿದ್ದರೆ ಬಿಸಿಗೆ ಹಿಗ್ಗಿ ಬಾಯಿ ಬಿಡುತ್ತದೆ, ತಣ್ಣಗಾದರೆ ಮತ್ತೆ ಕೂಡಿಕೊಳ್ಳುತ್ತದೆ. ನಿಮ್ಮ ಮೆಕ್ಯಾನಿಕ್‌ಗಳಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಸ್ಕ್ಯಾನರ್‌ನಲ್ಲಿ ಎರರ್ ಕೋಡ್ ಇಲ್ಲ ಎಂಬುದೊಂದನ್ನೇ ಅವರು ಹಿಡಿದುಕೊಂಡರು. ಇಂಜಿನ್ ತಿರುಗುತ್ತಿರುವುದೇ ಇಸಿಯುಗೆ ಗೊತ್ತಾಗದಿದ್ದಾಗ ಕೋಡ್ ದಾಖಲಾಗದೇ ಹೋಗಬಹುದು.

ನನಗೆ ಹಣಕ್ಕಿಂತ ಭಯವೇ ಹೆಚ್ಚು. ಈವರೆಗೆ ನಿಂತಿದ್ದ ಬೈಕು ಏಳದೇ ಇದ್ದದ್ದು. ಆ ಬಿರುಕು ಓಡುವಾಗಲೇ ಬಾಯಿ ಬಿಟ್ಟರೆ ಇಂಜಿನ್ ಅಲ್ಲೇ ನಿಲ್ಲುತ್ತದೆ. ಚಾರ್ಮಾಡಿಯ ಏರು ತಿರುವಿನಲ್ಲಿ, ಹಿಂದೆ ಲಾರಿ ಇರುವಾಗ, ಹೆಂಡತಿಯನ್ನು ಕೂರಿಸಿಕೊಂಡು ಹಾಗಾದರೆ? ಆ ಯೋಚನೆಯಿಂದಲೇ ಎರಡು ವಾರದಿಂದ ಊರು ಬಿಟ್ಟು ಬೈಕು ತೆಗೆದಿಲ್ಲ.

ನಾನು ಕೇಳುವುದು ಇಷ್ಟು. ಬೈಕನ್ನು ನನ್ನೆದುರೇ ಬಿಸಿ ಇರುವಾಗ ಪರೀಕ್ಷಿಸಬೇಕು. ಸೆನ್ಸರ್ ಮಾತ್ರವಲ್ಲ, ಅದರ ವೈರಿಂಗ್ ಮತ್ತು ಕನೆಕ್ಟರನ್ನೂ ನೋಡಬೇಕು, ದೋಷ ಅಲ್ಲಿದ್ದರೆ ಹೊಸ ಸೆನ್ಸರ್ ಹಾಕಿಯೂ ಪ್ರಯೋಜನವಿಲ್ಲ. ದೋಷಪೂರಿತ ಭಾಗವನ್ನು ವಾರಂಟಿಯಲ್ಲಿ ಬದಲಿಸಬೇಕು. ಬಿಸಿ ಮತ್ತು ತಣ್ಣಗಿನ ಅಳತೆಗಳನ್ನು ಜಾಬ್ ಕಾರ್ಡ್‌ನಲ್ಲಿ ಅಂಕಿಗಳಲ್ಲಿ ಬರೆಯಬೇಕು. ಊಹೆಯ ಮೇಲೆ ಮಾಡಿದ ಕೆಲಸಕ್ಕೆ ಪಡೆದ 6,910 ರೂಪಾಯಿ ಹಿಂದಿರುಗಿಸಬೇಕು.

15 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಹಾಗಾಗದಿರಲಿ ಎಂಬುದೇ ನನ್ನ ಆಸೆ, ಈ ಬೈಕನ್ನು ಇಷ್ಟಪಟ್ಟು ಕೊಂಡವನು ನಾನು. ಮೂರು ಜಾಬ್ ಕಾರ್ಡ್, ಬಿಲ್‌ಗಳ ಪ್ರತಿ ಮತ್ತು ವಿಡಿಯೋ ಇದರ ಜೊತೆಗಿವೆ. ದಿನ ತಿಳಿಸಿ. ಮಧ್ಯಾಹ್ನದ ಬಿಸಿಲಿನಲ್ಲೇ ಓಡಿಸಿಕೊಂಡು ಬರುತ್ತೇನೆ, ಬಂದು ಹದಿನೈದು ನಿಮಿಷಕ್ಕೆ ನಿಮ್ಮ ಮೆಕ್ಯಾನಿಕ್ ಮೀಟರ್ ಹಿಡಿದು ಬೈಕಿನ ಹತ್ತಿರ ನಿಂತಿರಲಿ.

ಇಂತಿ,
ನಿಮ್ಮ ಗ್ರಾಹಕ